ಓರಗಿತ್ತಿಯ ಪ್ಲೇಟು

ನಮ್ಮ ಮನೇಲಿ ಒಂದು ಹಾಡಿನ ಪ್ಲೇಟು ಇತ್ತು. ರಾಗಿ ಹಿಟ್ಟಿನ ಮಡಕೆಗೆ ಅದೇ ಮುಚ್ಚಳ. ಸುಳ್ಳು ಯಾಕೆ ಹೇಳಲಿ, ಅಷ್ಟು ಸರಿಯಾಗಿ ಕೂರುವ ಮುಚ್ಚಳ ಸಂತೆಯಲ್ಲೂ ಸಿಗುತ್ತಿರಲಿಲ್ಲ. ನಡುವಿನ ತೂತಿಗೆ ಜೋಳದ ಬೆಂಡು ತುರುಕಿದ್ದೆವು. ತೂತೂ ಮುಚ್ಚಿತು, ಹಿಡಿದು ಎತ್ತೋಕೂ ಆಯಿತು. ಆಮೇಲೆ ಒಂದು ದಿನ ಮಡಕೆ ಒಡೆಯಿತು, ಮುಚ್ಚಳ ಉಳಿಯಿತು.

ಆ ಪ್ಲೇಟಿನಲ್ಲಿ ಹಾಡಿದವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅಂತಿದ್ದೆ. ಅವಳ ಜೀವಮಾನದಲ್ಲಿ ಬಂದ ಪ್ಲೇಟು ಅದೊಂದೇ. ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿರಲಿಲ್ಲ. ನಮ್ಮ ಗಂಡಂದಿರಿಬ್ಬರೂ ಅವಳಿಗಿಂತ ಮುಂಚೆಯೇ ಹೋದರು. ಅವಳ ಹಿಂದೆ ಉಳಿದವಳು ನಾನೊಬ್ಬಳು. ಈಗ ಅರಕಲಗೂಡಿನಲ್ಲಿ ಮಗಳ ಮನೇಲಿ ಇದ್ದೀನಿ. ನಾನು ಓದಿದ್ದು ಮೂರನೇ ಕ್ಲಾಸು. ಇಲ್ಲಿಯ ಒತ್ತಕ್ಷರಗಳನ್ನ ಮಗಳು ತಿದ್ದಿದ್ದಾಳೆ. ಮಾತು ನನ್ನದು.

ಹೋದ ವರ್ಷ ಬೆಂಗಳೂರಿಂದ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ನಲವತ್ತು ದಾಟಿರಬೇಕು. ಗಂಡಸರ ಹಾಗೆ ಕ್ರಾಪು. ಯಾರೂ ಕೇಳದೆ ಬಿಟ್ಟ ಹಳೇ ಪ್ಲೇಟುಗಳನ್ನ ಹುಡುಕಿ, ಅವನ್ನ ಮತ್ತೆ ಹೊಸ ಪ್ಲೇಟು ಮಾಡಿಸೋದು ಅವಳ ಕೆಲಸವಂತೆ. ಯಾವುದೋ ಲೈಬ್ರರಿಯ ಹಳೇ ಪಟ್ಟಿಯಲ್ಲಿ ಅಕ್ಕನ ಹೆಸರೂ ಊರೂ ಸಿಕ್ಕಿತ್ತು. ಪ್ಲೇಟು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

"ಅಮ್ಮಾ, ನಿಮ್ಮ ಹತ್ತಿರ ಒಂದಾದರೂ ಇದೆಯಾ?" ಅಂದಳು.

"ಐತೆ, ತಡಿ" ಅಂದು ಅಡಿಗೆಮನೆಗೆ ಹೋಗಿ, ಹಿಟ್ಟಿನ ಪಾತ್ರೆ ಮೇಲಿಂದ ತೆಗೆದು, ಸೆರಗಿನಲ್ಲಿ ಹಿಟ್ಟು ಕೊಡವಿ ತಂದುಕೊಟ್ಟೆ. ಆಯಮ್ಮ ಅದನ್ನ ಬಿಸಿ ದೋಸೆ ಹಿಡಿದ ಹಾಗೆ ಎರಡು ಅಂಗೈ ನಡುವೆ ಅಂಚಿನಲ್ಲಿ ಹಿಡಿದಳು. ಬೆಂಡು ನೋಡಿದವಳೇ ತುಟಿ ಕಚ್ಚಿಕೊಂಡಳು. ನಗೋದಾ ಅಳೋದಾ ಅವಳಿಗೇ ಗೊತ್ತಾಗಲಿಲ್ಲ ಅಂತ ಕಾಣುತ್ತೆ.

"ನೀವು ಇದನ್ನ ಕೇಳಿ ಎಷ್ಟು ವರ್ಷ ಆಯ್ತಮ್ಮ?"

"ಪೂರ್ತಿ ಒಂದ್ ದಪನೂ ಕೇಳಿಲ್ಲ ಕಣವ್ವ. ಮಿಷಿನ್ನು ಯಾರ ಮನೇಲಿತ್ತು?"

ನಿಜ ಅದು. ಐವತ್ತು ವರ್ಷ ಅವಳ ದನಿ ನಮ್ಮ ಹಿಟ್ಟಿನ ಮೇಲೆ ಕೂತಿತ್ತು, ಕೇಳಿದ್ದು ಅರ್ಧ ಹಾಡು. ಅವಳು ಇದ್ದಾಗ ಏನೂ ಅನ್ನಿಸಿರಲಿಲ್ಲ. ಅವಳು ಹೋದ ಮೇಲೆ ಆ ಮುಚ್ಚಳ ಎತ್ತುವಾಗೆಲ್ಲ ಒಂದು ಸಲ ಕೇಳಬೇಕು ಅನ್ನಿಸೋದು. ಯಾರನ್ನ ಕೇಳೋದು? ಅದಕ್ಕೇ ಆಯಮ್ಮ ಪ್ಲೇಟು ಒಯ್ತೀನಿ ಅಂದಾಗ ಒಂದೇ ಮಾತು ಹೇಳಿದೆ: "ತಗಂಡೋಗು. ಮೊದ್ಲು ನಂಗೆ ಕೇಳಿಸ್ಬೇಕು, ಆಮೇಲೆ ಬೇರೆಯೋರಿಗೆ."

ಆ ಪದಗಳು ಎಂಥವು ಅಂತ ಹೇಳಬೇಕು. ಬೀಸೋ ಪದ, ಅಂದರೆ ರಾಗಿ ಬೀಸುವಾಗ ಹೇಳೋ ಹಾಡು. ನಮ್ಮೂರು ಹೊಳೇನರಸೀಪುರ ತಾಲ್ಲೂಕು, ಹಳೇಕೋಟೆ ಕಡೆ. ನಾನು ಸೊಸೆಯಾಗಿ ಬಂದಾಗ ಊರಿನಲ್ಲಿ ಮಿಲ್ಲು ಇರಲಿಲ್ಲ. ದಿನಾ ಬೆಳಗಾಗೋ ಮುಂಚೆ ಎದ್ದು ರಾಗಿ ಬೀಸಬೇಕು. ಬೀಸೋಕಲ್ಲಿಗೆ ಎದುರು ಬದುರು ಕೂತು, ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಒಂದೇ ಗೂಟವನ್ನ ಇಬ್ಬರೂ ಹಿಡಿಯೋದು. ಅವಳು ಎಳೆದರೆ ಅವಳ ಕಡೆ ಹೋಗುತ್ತೆ, ನಾನು ಎಳೆದರೆ ನನ್ನ ಕಡೆ ಬರುತ್ತೆ. ಯಾರೂ ತಳ್ಳಬಾರದು. ತಳ್ಳಿದರೆ ಗೂಟ ಅಲ್ಲಾಡುತ್ತೆ, ಹಿಟ್ಟು ತರಿತರಿಯಾಗುತ್ತೆ. ತನ್ನ ಅರ್ಧ ಸುತ್ತಿಗೆ ಅಕ್ಕ ಪದ ಹೇಳೋಳು. ನನ್ನ ಅರ್ಧ ಸುತ್ತಿಗೆ ಉಸಿರು ತಗೊಳ್ಳೋಳು. ನಾನು ಅವಳ ಕೊನೇ ಮಾತನ್ನ ಹಿಡಿದು ಎಳೆಯೋದು. ಅಷ್ಟೇ ನನ್ನ ಹಾಡು.

ನಮಗಿಬ್ಬರಿಗೂ ಆಗ್ತಿರಲಿಲ್ಲ. ಓರಗಿತ್ತೀರು ಅಕ್ಕತಂಗೀರ ಹಾಗಿದ್ದರು ಅಂತ ಬರೆಯೋಕೆ ನನಗೆ ಬರೋದಿಲ್ಲ. ಹಾಲಿನ ಕೆನೆಗೆ ಜಗಳ, ಸೌದೆಗೆ ಜಗಳ, ಅತ್ತೆ ಹತ್ತಿರ ಯಾರು ಚಾಡಿ ಹೇಳಿದರು ಅಂತ ಜಗಳ. ಒಂದು ಸಲ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆವು. ಆದರೂ ಬೆಳಿಗ್ಗೆ ಗೂಟಕ್ಕೆ ನಾಲ್ಕು ಕೈ ಬೇಕಲ್ಲ. ಮಾತು ಬಿಟ್ಟ ದಿನಗಳಲ್ಲಿ ಅವಳು ಬಯ್ಯಬೇಕಾದ್ದನ್ನ ಪದದಲ್ಲೇ ಬಯ್ಯೋಳು.

ಕಿರಿಸೊಸೆ ಎಳೆದಾರೆ ಕಲ್ಲೀಗೂ ತೂಕಡಿಕೆ
ಗೂಟಕೆ ಬೇರು ಬಿಟ್ಟಾವು – ಈ ಮನೆಯ
ರಾಗೀಯು ಮೊಳಕೆ ಒಡೆದಾವು

ಅಂತ ಕಟ್ಟಿದಳು ಒಂದು ದಿನ. ನನಗೆ ಉರೀತು. ಆದರೂ ನಗು ತಡೆಯೋಕಾಗಲಿಲ್ಲ. ಒಳಗೆ ಮಲಗಿದ್ದ ನಮ್ಮ ಮಾವನೂ ನಕ್ಕರು.

ಅವಳ ತವರು ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿ ಹತ್ತಿರ. ಅಲ್ಲಿಂದ ಅವಳನ್ನ ಹಬ್ಬಕ್ಕೆ ಕರೆಯೋಕೆ ಯಾರೂ ಬರ್ತಿರಲಿಲ್ಲ. ಯಾಕೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪದದಲ್ಲಿ ಮಾತ್ರ ಬರೋದು.

ತವರೂರ ದಾರ್ಯಾಗೆ ಹುಚ್ಚೆಳ್ಳು ಹೂವಾಯ್ತು
ಕರೆಯೋಕೆ ಯಾರೂ ಬರಲಿಲ್ಲ – ನನ ಕಣ್ಣು
ಆ ಹಾದಿ ಕಾದು ಸವೆದಾವು

ಹೊಳೇನರಸೀಪುರದ ಒಬ್ಬ ಮೇಷ್ಟ್ರು ಪದ ಬರಕೊಳ್ಳೋಕೆ ಊರೂರು ತಿರುಗೋರು. ಅಕ್ಕನ ಪದ ಕೇಳಿ, ಮೈಸೂರಿನಲ್ಲಿ ಪ್ಲೇಟು ಮಾಡೋರ ಹತ್ತಿರ ಮಾತಾಡಿಕೊಂಡು ಬಂದರು. "ಈಯಮ್ಮನ್ನ ಒಂದು ದಿನಕ್ಕೆ ಕಳಿಸಿಕೊಡಿ" ಅಂತ ಮಾವನನ್ನ ಕೇಳಿದರು. ಈಯಮ್ಮನ್ನ, ಅಂದರೆ ಅವಳೊಬ್ಬಳನ್ನ.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಬಾಗಿಲ ಹಿಂದೆ ನಿಂತಿದ್ದವಳು ಮುಂದೆ ಬಂದು "ಕಲ್ಲಿಲ್ದೆ ಅವಳಿಗೆ ಪದ ಬರಾಕಿಲ್ಲ, ಕಲ್ಲೂ ಬೇಕು" ಅಂದೆ. ಅಕ್ಕ ನನ್ನ ಮುಖ ನೋಡಿದಳು. ಅದು ಅವಳ ಮಾತಲ್ಲ, ನನ್ನದು. ಕಲ್ಲು ಹೋದರೆ ಎಳೆಯೋಕೆ ನಾನೂ ಹೋಗಬೇಕಲ್ಲ. ನಾನು ಅವತ್ತಿನವರೆಗೂ ಮೈಸೂರು ನೋಡಿರಲಿಲ್ಲ. ಅಕ್ಕ ಮಾವನ ಕಡೆ ತಿರುಗಿ, "ಹೂಂ, ಕಲ್ಲು ಬೇಕು" ಅಂದಳು.

ಕಲ್ಲನ್ನ ಎರಡು ಗೋಣಿಚೀಲಕ್ಕೆ ಕಟ್ಟಿ ಬಸ್ಸಿಗೆ ಹಾಕಿದೆವು. ಕಂಡಕ್ಟರು "ಏನ್ರಮ್ಮಾ ಇದು, ಹೆಣ ಭಾರ" ಅಂದ. ಅಕ್ಕ "ನಮ್ಮತ್ತೆ ಕಣಪ್ಪ" ಅಂದಳು. ಬಸ್ಸೆಲ್ಲ ನಗು. ಪಕ್ಕದಲ್ಲಿ ರಾಗಿ ಗಂಟು ಬೇರೆ. ಬರೀ ಕಲ್ಲು ತಿರುಗಿಸಬಾರದು, ಕಲ್ಲು ಕಲ್ಲನ್ನೇ ತಿನ್ನುತ್ತೆ. ಪ್ಲೇಟು ಮಾಡೋ ಜಾಗದಲ್ಲಿ ಗೋಡೆಗೆಲ್ಲ ಗೋಣಿ ಬಡಿದ ಒಂದು ರೂಮು, ಸೆಕೆ. ಅಲ್ಲಿಯವನು ಕಲ್ಲು ನೋಡಿ ತಲೆ ಚಚ್ಚಿಕೊಂಡ. ಸದ್ದು ಕಮ್ಮಿಯಾಗಲಿ ಅಂತ ಕಲ್ಲಿನ ಸುತ್ತ ಟವಲು ಸುತ್ತಿದ. ಟವಲು ಒಳಗೆ ಸಿಕ್ಕಿ ಕಲ್ಲು ನಿಂತೇಹೋಯಿತು. ಆಮೇಲೆ ಅವನೇ ಸೋತು, ಮೈಕನ್ನ ಅಕ್ಕನ ಬಾಯಿ ಹತ್ತಿರ ಇಟ್ಟು, ನನ್ನ ಕಡೆ ಬೆನ್ನು ಮಾಡಿ ಕೂತ. ಮಧ್ಯಾಹ್ನದವರೆಗೆ ಬೀಸಿದೆವು, ಹಾಡಿದೆವು. ಹಿಟ್ಟನ್ನ ಸೆರಗಿನಲ್ಲಿ ಗುಡಿಸಿ ಗಂಟು ಕಟ್ಟಿ ತಂದು, ಮಾರನೇ ದಿನ ಮುದ್ದೆ ಮಾಡಿ ತಿಂದೆವು. ಮೈಸೂರಿನಲ್ಲಿ ನಾನು ನೋಡಿದ್ದು ಆ ರೂಮು, ಒಂದು ಬಸ್‌ಸ್ಟ್ಯಾಂಡು.

ಕೆಲವು ತಿಂಗಳಾದ ಮೇಲೆ ಮೇಷ್ಟ್ರು ಪ್ಲೇಟು ತಂದುಕೊಟ್ಟರು. ಕವರಿನ ಮೇಲೆ ಬಿಂದಿಗೆ ಹೊತ್ತ ಯಾರೋ ಬೆಳ್ಳನೆ ಹೆಂಗಸಿನ ಚಿತ್ರ. "ಇವಳ್ಯಾರೇ, ನನ್ನ ಪದ ಕದ್ದೋಳು" ಅಂದಳು ಅಕ್ಕ. ಊರಿನಲ್ಲಿ ಪ್ಲೇಟು ಹಾಕೋ ಮಿಷಿನ್ನಿಲ್ಲ. ಆ ವರ್ಷವೇ ಹಿರೀಸಾವೆಗೆ ಒಂದು ಮದುವೆಗೆ ಹೋದೆವು. ಅಕ್ಕ ಸೀರೆ ಮಡಿಕೆಯೊಳಗೆ ಪ್ಲೇಟು ಇಟ್ಟುಕೊಂಡಿದ್ದಳು. ಅಲ್ಲಿ ಬಸ್ಸು ನಿಲ್ಲೋ ಕಡೆ ಒಂದು ಹೋಟ್ಲು, ಮಿಷಿನ್ನೂ ಇತ್ತು, ಮರಕ್ಕೆ ಕಟ್ಟಿದ ಸ್ಪೀಕರೂ ಇತ್ತು. ಊಟ ಆದ ಮೇಲೆ ಇಬ್ಬರೂ ಹೋಗಿ ಕಾಫಿ ಹೇಳಿ, "ಅಣ್ಣಾ, ಇದ್ನ ಒಂದಪ ಆಕಿ" ಅಂತ ಕೊಟ್ಟೆವು. ಯಾರದು ಅಂತ ಹೇಳಲಿಲ್ಲ.

ಮೊದಲು ಗರಗರ ಅಂತ ಕಲ್ಲು ಬಂತು. ಆಮೇಲೆ ಅಕ್ಕನ ದನಿ. ನನ್ನ ಮೈ ಜುಂ ಅಂತು. ಅರ್ಧ ಪದ ಆಗಿತ್ತೋ ಇಲ್ಲವೋ, ಇಡ್ಲಿ ತಿನ್ನುತ್ತಿದ್ದ ಒಬ್ಬ ಲಾರಿ ಡ್ರೈವರು ಕೂಗಿದ:

"ಏನ್ಲಾ ಅದು ಗರಗರ ಅಂತದೆ? ಮಿಷಿನ್ ಮುಳ್ಳು ಸವ್ದೋಗದೆ ಕಣ್ಲಾ, ಬದಲಾಯ್ಸು."

ಹೋಟ್ಲಿನವನು ಸಿಟ್ಟಿನಿಂದ, "ಮುಳ್ಳು ನಿನ್ನೆ ತಾನೆ ಆಕಿವ್ನಿ, ಪ್ಲೇಟೇ ಕೆಟ್ಟೋಗದೆ ಸಾ" ಅಂದು ಎತ್ತಿಬಿಟ್ಟ.

ನಾನು ಎದ್ದೆ, ಅದು ಬೀಸೋಕಲ್ಲು ಅಂತ ಹೇಳೋಕೆ. ಅಕ್ಕ ನನ್ನ ತೋಳು ಚಿವುಟಿ ಕೂರಿಸಿದಳು. ಕಾಫಿ ಕುಡಿದೆವು. ಕಾಫಿ ಚೆನ್ನಾಗಿತ್ತು. ಪ್ಲೇಟು ವಾಪಸ್ಸು ಇಸ್ಕೊಂಡು ಬಂದೆವು.

ಆ ಹೋಟ್ಲು ಒಂದೇ ಅಲ್ಲ. ಅಂಗಡಿಯೋರೆಲ್ಲ ಪ್ಲೇಟು ಕೆಟ್ಟಿದೆ, ಗರಗರ ಅನ್ನುತ್ತೆ ಅಂತ ವಾಪಸ್ಸು ಕಳಿಸಿದರಂತೆ. ಮೇಷ್ಟ್ರೇ ಬಂದು ಹೇಳಿದರು.  ಅವತ್ತು ಸಂಜೆ ಪ್ಲೇಟು ಮಡಕೆ ಮೇಲೆ ಕೂತಿತು. ಇಟ್ಟಿದ್ದು ಅಕ್ಕನೇ. ನಾನು ಕಲ್ಲು ಬೇಕು ಅಂತ ಬಾಯಿ ಹಾಕದಿದ್ದರೆ ಅವಳ ಪದ ನಾಲ್ಕು ಊರಿಗೆ ಕೇಳೋದು ಅಂತ ನನಗೆ ಅವತ್ತೇ ಗೊತ್ತಾಯಿತು. ಅದನ್ನ ಅವಳ ಹತ್ತಿರ ಹೇಳಲಿಲ್ಲ. ಹೇಳೋಕೆ ನಲವತ್ತು ವರ್ಷ ಟೈಮಿತ್ತು. ಹೇಳಲಿಲ್ಲ.

ಊರಿಗೆ ಮಿಲ್ಲು ಬಂತು. ಕಲ್ಲು ಹಿತ್ತಿಲಿಗೆ ಹೋಯಿತು. ನನಗೆ ಖುಷಿಯೇ ಆಯಿತು, ರಟ್ಟೆ ನೋವು ತಪ್ಪಿತಲ್ಲ. ಆದರೆ ಕಲ್ಲು ಹೋದ ಮೇಲೆ ಅಕ್ಕ ಪದ ಬಿಟ್ಟಳು. ಒಂದು ಸಲ ಸ್ಕೂಲಿನ ಕಾರ್ಯಕ್ರಮದಲ್ಲಿ ಮೈಕಿನ ಮುಂದೆ ನಿಲ್ಲಿಸಿದರು. ಒಂದು ಸಾಲು ಹೇಳಿದಳು. ಉಸಿರು ತಗೊಂಡಳು. ಆ ಉಸಿರಿನ ಆಚೆಗೆ ಏನೂ ಬರಲಿಲ್ಲ. ಕೈಯಲ್ಲಿ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಅವಳ ಕೊನೇ ಮಾತು ಹಿಡಿದು ಎಳೀಬೋದಾಗಿತ್ತು. ಅಷ್ಟು ಜನರ ಮುಂದೆ ನಾಚಿಕೆ ಅಂತ ಬಾಯಿ ಬಿಡಲಿಲ್ಲ. ಅದಾದ ಮೇಲೆ ಅವಳನ್ನ ಯಾರೂ ಹಾಡು ಅನ್ನಲಿಲ್ಲ.

ಈಗ ಬೆಂಗಳೂರಿನ ಆಯಮ್ಮ. ಪ್ಲೇಟು ಒಯ್ದು ಎರಡು ತಿಂಗಳಿಗೆ ಮತ್ತೆ ಬಂದಳು. ಜೊತೆಗೆ ಸಣ್ಣ ಸ್ಪೀಕರು, ಒಂದು ಕಾಗದ. ಕಾಗದಕ್ಕೆ ನನ್ನ ರುಜು ಬೇಕಂತೆ, ಅಕ್ಕನ ಮನೆಯೋರು ಅಂತ ನಾನೊಬ್ಬಳೇ ಇರೋದರಿಂದ. ರುಜು ಹಾಕಿದರೆ ಪ್ಲೇಟು ಅಚ್ಚಿಗೆ ಹೋಗುತ್ತೆ. ಇಲ್ಲದಿದ್ದರೆ ಇಲ್ಲ.

"ಮೊದಲು ಕೇಳಿ ಅಮ್ಮಾ. ತುಂಬಾ ಕಷ್ಟಪಟ್ಟು ಕ್ಲೀನ್ ಮಾಡಿದ್ದೀವಿ" ಅಂದಳು.

ಹಾಕಿದಳು. ಅಕ್ಕ ಹಾಡಿದಳು. ಈಗ ತಾನೆ ನೀರು ಕುಡಿದು ಕೂತ ಹಾಗೆ, ಗಂಟಲಿನಲ್ಲಿ ಒಂದು ಎಳೆ ನಡುಕವೂ ಕೇಳುತ್ತೆ. ಗರಗರ ಇಲ್ಲ. ಹುಚ್ಚೆಳ್ಳು ಹೂವಾಯ್ತು ಅಂದಳು. ನಿಂತಳು. ಏನೂ ಇಲ್ಲ. ಯಾರೂ ಬರಲಿಲ್ಲ ಅಂದಳು. ನಿಂತಳು. ಏನೂ ಇಲ್ಲ. ನನಗೆ ಸ್ಕೂಲಿನ ಮೈಕು ಕಣ್ಣಿಗೆ ಬಂತು.

ಮುಗಿದ ಮೇಲೆ ಆಯಮ್ಮನ ಕಣ್ಣಿನಲ್ಲಿ ನೀರಿತ್ತು. "ಆ ಮೌನ ಇದೆಯಲ್ಲಮ್ಮ, ಒಂದೊಂದು ಸಾಲು ಆದ ಮೇಲೆ ಸುಮ್ಮನಾಗ್ತಾರಲ್ಲ, ಅದೇ ಕ್ಲೀನ್ ಮಾಡಿದ ನಮಗೆಲ್ಲ ತುಂಬಾ ಇಷ್ಟ ಆಗಿದೆ" ಅಂದಳು.

"ಅದು ಮೌನ ಅಲ್ಲ ಕಣವ್ವ" ಅಂದೆ. "ಅಲ್ಲಿ ನಾನಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ಕಲ್ಲಿನ ವಿಷಯ ಪೂರ್ತಿ ಹೇಳಿದೆ. ನೆಲದ ಮೇಲೆ ಕೂತು ಕಾಲು ಚಾಚಿ, ಅವಳನ್ನ ಎದುರಿಗೆ ಕೂರಿಸಿಕೊಂಡು, ಲಟ್ಟಣಿಗೆ ಹಿಡಿದು ತೋರಿಸಿದೆ. ಅವಳು ತಳ್ಳಿದಳು. "ತಳ್ಬ್ಯಾಡ, ಎಳಿ" ಅಂದೆ. ಮತ್ತೆ ತಳ್ಳಿದಳು. ಆಮೇಲೆ ಲಟ್ಟಣಿಗೆ ಬಿಟ್ಟು ತಲೆ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ, ಅದು ಕಲ್ಲಾ? ನಾವು ಪ್ಲೇಟು ಸವೆದಿರೋ ಸದ್ದು ಅಂತ ತೆಗೆದುಬಿಟ್ವಿ!"

"ನೀವೊಬ್ರೇ ಅಲ್ಲ ಬುಡು" ಅಂದೆ.

ಕಲ್ಲನ್ನ ಮಾತ್ರ ವಾಪಸ್ಸು ಹಾಕೋಕಾಗಲ್ಲವಂತೆ. ಪ್ಲೇಟಿನ ಗೀರಿನ ಸದ್ದೂ ಕಲ್ಲಿನ ಸದ್ದೂ ಮಿಷಿನ್ನಿಗೆ ಒಂದೇ. ಇದ್ದರೆ ಎರಡೂ ಇರಬೇಕು, ಹೋದರೆ ಎರಡೂ ಹೋಗಬೇಕು. ಗೀರು ಬಿಟ್ಟರೆ ಜನ ಮತ್ತೆ ಕೆಟ್ಟ ಪ್ಲೇಟು ಅಂತಾರೆ. "ಯೋಚನೆ ಮಾಡಿ ಅಮ್ಮಾ. ಈ ಸಲ ಅವರ ದನಿ ಲೋಕಕ್ಕೆಲ್ಲ ಕೇಳುತ್ತೆ. ಯಾವಾಗ ಬರುತ್ತೆ ಅಂತ ಫಾರಿನ್ನಿನವರೂ ವಿಚಾರಿಸ್ತಿದ್ದಾರೆ" ಅಂದಳು.

ನಾನು ಪೆನ್ನು ಕೈಗೆ ತಗೊಂಡೆ. ನಿಜ ಹೇಳಬೇಕು ಅಂದರೆ ರುಜು ಹಾಕೋಕೇ ತಗೊಂಡೆ. ಅವತ್ತು ನನ್ನ ಆಸೆಗೆ ಕಲ್ಲು ಹೊತ್ತು ಅವಳ ಪ್ಲೇಟು ಕೆಡಿಸಿದ್ದೆ. ಈಗ ಮತ್ತೆ ನನ್ನ ಆಸೆಗೆ ಅಡ್ಡ ಬಂದರೆ ನಾನು ಮನುಷ್ಯಳಾ ಅನ್ನಿಸಿತು. ಅವಳ ದನಿ ಉಳೀಲಿ, ನನ್ನ ರಟ್ಟೆ ಸದ್ದು ಯಾರಿಗೆ ಬೇಕು.

"ಒಂದು ಕೆಲ್ಸ ಮಾಡು" ಅಂದೆ. "ನೀವು ತೊಳೆಯೋಕೆ ಮುಂಚೆ ಎಂಗಿತ್ತು, ಅದ್ನ ಒಂದಪ ಕೇಳಿಸು. ಆಮೇಲೆ ಹಾಕ್ತೀನಿ."

ಅವಳ ಫೋನಿನಲ್ಲಿ ಅದೂ ಇತ್ತು. ಹಾಕಿದಳು. ಕರಕರ ಚಟಚಟ ಅಂತ ಗೀರು, ನಮ್ಮ ಹಿಟ್ಟಿನ ಮಡಕೆಯ ಗೀರು. ಅದರ ಕೆಳಗೆ ಕಲ್ಲು. ಅದರ ಮೇಲೆ ಅಕ್ಕ. ಅವಳು ನಿಂತಲ್ಲಿ ದೂರದಲ್ಲಿ ಸಣ್ಣಗೆ ಒಂದು ಎಳೇ ದನಿ ಅವಳ ಮಾತನ್ನ ಹಿಡಿಯಿತು. ಅದು ನಾನೇ ಅಂತ ನಂಬೋಕೆ ಸ್ವಲ್ಪ ಹೊತ್ತು ಹಿಡಿಯಿತು. ನಾಲ್ಕು ಪದ ಕೇಳಿದೆ. ನಾಲ್ಕನೇ ಪದ ಮುಗಿದ ಮೇಲೆ ಕಲ್ಲು ನಿಧಾನವಾಯಿತು. ಹಾಡು ಮುಗೀತು ಅಂದುಕೊಂಡೆ. ಆಗ ಅಕ್ಕ ಹಾಡೋ ದನಿಯಲ್ಲಲ್ಲ, ಮನೇಲಿ ಬಯ್ಯೋ ದನಿಯಲ್ಲಿ ಅಂದಳು:

"ಲೇ, ಎಳಿಯೇ! ನೀ ಕಲ್ಲು ಬೇಕು ಅಂದಿದ್ದು ಮೈಸೂರ್ ನೋಡಾಕೆ ಅಂತ ನಂಗೊತ್ತಿಲ್ವಾ? ನಾಕ್ ಸುತ್ತು ಎಳ್ದು ಆಮ್ಯಾಕ್ ನೋಡೀವಂತೆ!"

ಇಬ್ಬರೂ ನಗೋದು ಕೇಳಿತು. ಅಲ್ಲಿಗೆ ಪ್ಲೇಟು ಮುಗಿಯಿತು. ಇದು ಹಾಡಲ್ಲ ಅಂತ ತೊಳೆದದ್ದರಲ್ಲಿ ಕತ್ತರಿಸಿದ್ದರಂತೆ. ಆ ರೂಮಿನವನು ಬೇಕಂತ ಬಿಟ್ಟನೋ, ಬೆನ್ನು ಮಾಡಿ ಕೂತವನು ಮರೆತನೋ ಗೊತ್ತಿಲ್ಲ. ಅವಳು ಅಂದದ್ದು ನನಗೆ ನೆನಪೇ ಇರಲಿಲ್ಲ.

ಅವಳಿಗೆ ಗೊತ್ತಿತ್ತು. ಬಾಗಿಲ ಹಿಂದಿನಿಂದ ಬಂದು ನಾನು ಬಾಯಿ ಹಾಕಿದ್ದು ಯಾಕೆ ಅಂತ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಹೂಂ ಅಂದಿದ್ದಳು. ನಾನು ಇಷ್ಟು ವರ್ಷ ಹೊಟ್ಟೇಲಿ ಇಟ್ಟುಕೊಂಡಿದ್ದು ನಮ್ಮ ಅಡಿಗೆಮನೇಲೇ ಬಿದ್ದಿತ್ತು.

"ಇದೇ ಇರ್ಲಿ" ಅಂದೆ ಆಯಮ್ಮನಿಗೆ. "ತೊಳೆದಿದ್ದು ಬ್ಯಾಡ."

"ಕೆಟ್ಟ ಪ್ಲೇಟು ಅಂದರೆ ಅಮ್ಮಾ?"

"ಕವರ್ ಮ್ಯಾಲೆ ಬರ್ಸು. ಇಬ್ರು ರಾಗಿ ಬೀಸ್ತಾವ್ರೆ, ಅದ್ರ ಸದ್ದು ಅಂತ. ಅಷ್ಟು ಬರ್ಸೋಕಾಗಲ್ವಾ?"

ಅವಳು ಅವಳ ಕಡೆಯೋರ ಹತ್ತಿರ ಫೋನಿನಲ್ಲಿ ತುಂಬಾ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದಳು. ಒಂದು ಸಲ ಜೋರಾಗಿ ಜಗಳವೂ ಆಡಿದಳು. ಒಳಗೆ ಬಂದು ಹೂಂ ಅಂದಳು. ಆಗ ರುಜು ಹಾಕಿದೆ.

ಹೊಸ ಪ್ಲೇಟು ಈ ಬೇಸಿಗೇಲಿ ಬಂತು. ಹಳೇದಕ್ಕಿಂತ ದಪ್ಪ. ಮಗಳು ಅದರ ಹಾಡನ್ನ ನನ್ನ ಫೋನಿಗೂ ಹಾಕಿಕೊಟ್ಟಳು. ಒಂದು ವಾರ ಪದ ಬಿಟ್ಟು ಕೊನೇ ಬೈಗುಳ ಮಾತ್ರ ಕೇಳಿದೆ, ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಸೊಪ್ಪು ಬಿಡಿಸುವಾಗಲೂ ಕೇಳಿದೆ. ವಾರ ಕಳೆಯೋ ಹೊತ್ತಿಗೆ ಅದು ಬಸ್‌ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗೋ ಹಾಗೆ ಆಗಿಹೋಯಿತು. ಕಿವಿಗೆ ಬೀಳುತ್ತೆ, ಅಕ್ಕ ಬರೋದಿಲ್ಲ. ನನಗೆ ಭಯವಾಯಿತು. ಇದೂ ಹೋದರೆ ಅವಳದು ಇನ್ನೇನಿದೆ ಅಂತ ಮಗಳಿಗೆ ಹೇಳಿ ಅಳಿಸಿಹಾಕಿಸಿದೆ.

ಈಗ ತಿಂಗಳಿಗೊಂದು ಸಲ ಹಾಸನಕ್ಕೆ ಹೋಗ್ತೀನಿ. ಮಗಳಿಗೆ ಗೊತ್ತಿರೋ ಒಬ್ಬ ನಿವೃತ್ತಿಯಾದ ಇಂಜಿನಿಯರ ಮನೇಲಿ ಪ್ಲೇಟು ಹಾಕೋ ಮಿಷಿನ್ನಿದೆ. ಒಳ್ಳೇ ಜನ. ಅವರ ಹೆಂಡತಿ ಬಾಗಿಲಲ್ಲೇ "ಬನ್ನಿ ಅಮ್ಮ, ಕೂತ್ಕೊಳ್ಳಿ ಅಮ್ಮ" ಅಂತಾರೆ. ಎಲ್ಲರೂ ನನ್ನನ್ನ ಹಾಗೇ ಕರೀತಾರೆ ಈಗ. ಅಮ್ಮ, ಅಜ್ಜಿ, ಬನ್ನಿ, ಹೋಗಿ. ನನ್ನನ್ನ ಲೇ ಅನ್ನೋರೆಲ್ಲ ಹೋದರು. ಅಪ್ಪ, ಅವ್ವ, ಅತ್ತೆ, ಗಂಡ. ಕೊನೇಗೆ ಉಳಿದಿದ್ದವಳು ಅಕ್ಕ.

ಅವರು ಪ್ಲೇಟು ಹಾಕಿ ಮರ್ಯಾದೆಯಿಂದ ಒಳಗೆ ಹೋಗ್ತಾರೆ. ನಾನೊಬ್ಬಳೇ ಕುರ್ಚೀಲಿ ಕೂತು ನಾಲ್ಕು ಪದವನ್ನೂ ಕೇಳ್ತೀನಿ, ಅವಸರ ಮಾಡೋದಿಲ್ಲ. ಕೊನೇಲಿ ಅವಳು ಲೇ ಅಂತಾಳೆ. ಅವತ್ತು ನಾನು ನಕ್ಕಿದ್ದೆನಷ್ಟೇ, ಮಾತಾಡಿರಲಿಲ್ಲ. ಈಗ ಯಾರೂ ಇಲ್ಲದ್ದು ನೋಡಿಕೊಂಡು "ಎಳೀತಾ ಇದೀನಲ್ಲ ಕಣಕ್ಕ, ಬಾಯಿ ಮುಚ್ಕೊ" ಅಂತೀನಿ. ಪ್ಲೇಟಿನಲ್ಲಿ ಅವಳು ನಗ್ತಾಳೆ. ಇದಕ್ಕಲ್ಲ, ಹಳೇದಕ್ಕೆ. ಗೊತ್ತು.

ಇಂಜಿನಿಯರು ಹೋದ ಸಲ, "ಇಷ್ಟು ದೂರ ಬಸ್ಸಲ್ಲಿ ಯಾಕೆ ಬರ್ತೀರಮ್ಮ, ನಿಮಗೇ ಒಂದು ಸಣ್ಣ ಮಿಷಿನ್ನು ತಂದುಕೊಡ್ತೀನಿ" ಅಂದರು. ಬೇಡ ಸ್ವಾಮಿ ಅಂದೆ. ಕಾರಣ ಹೇಳಲಿಲ್ಲ. ಬರೋ ಸೋಮವಾರ ಹೋಗಬೇಕು. ಅಷ್ಟರಲ್ಲಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಬೇಕು, ಹಾಸನದ ಬಸ್ಸಿನ ಮೆಟ್ಟಿಲು ಎತ್ತರ.